ಮುಗಿದ ಮೇಲೆ ತಿಳಿಯುವ ರಜೆ

ಮುಂಡಗೋಡ ತಾಲೂಕಿನ ಪಾಳಾದಿಂದ ಒಬ್ಬ ಹುಡುಗಿ ಕಳೆದ ತಿಂಗಳು ತನ್ನ ತಂದೆಯ ಜತೆ ಹಳಿಯಾಳದ ನಮ್ಮ ಮನೆಗೆ ಬಂದಿದ್ದಳು. ಹೆಸರು ಅಶ್ವಿನಿ. ವಿಮಾನ ಓಡಿಸುವ ಲೈಸೆನ್ಸು ಪಡೆದಿದ್ದಾಳೆ. ಒಂದು ಕಂಪನಿಯ ಸ್ವಂತ ವಿಮಾನಕ್ಕೆ ಪೈಲಟ್ ಆಗಿ ಸೇರುವವಳಿದ್ದಾಳೆ. ನಾನು ಅಂಥದೇ ಕೆಲಸದಲ್ಲಿ ಹದಿನೆಂಟು ವರ್ಷ ಇದ್ದು ನಿವೃತ್ತನಾದವನು ಎಂದು ಅವರಿಗೆ ಯಾರೋ ಹೇಳಿದರಂತೆ. ಯಾವ ವಿಮಾನ, ಎಷ್ಟು ಎತ್ತರ, ಮೋಡದೊಳಗೆ ಸಿಕ್ಕಿಕೊಂಡರೆ ಏನು ಮಾಡಬೇಕು ಎಂದೆಲ್ಲ ಒಳ್ಳೊಳ್ಳೆಯ ಪ್ರಶ್ನೆ ಕೇಳಿದಳು. ನನಗೆ ತಿಳಿದದ್ದನ್ನು ಹೇಳಿದೆ. ಅವರು ಹೋದ ಮೇಲೆ ನೆನಪಾಯಿತು, ಮುಖ್ಯವಾದ ಪ್ರಶ್ನೆಯನ್ನು ಅವಳೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ರಜೆ ಯಾವಾಗ?

ನಮ್ಮ ಮನೆಯಲ್ಲಿ ಆ ಪ್ರಶ್ನೆ ನನ್ನ ಹೆಂಡತಿ ಕಸ್ತೂರಿಯದು. ಅವಳು ಹೋಗಿ ಏಳು ತಿಂಗಳಾಯಿತು. ಇದ್ದಿದ್ದರೆ ಆ ಹುಡುಗಿಗೆ ಚಹಾ ಕೊಡುವ ಮೊದಲೇ ಎಲ್ಲ ಹೇಳಿ ಮುಗಿಸುತ್ತಿದ್ದಳು. ಈಗ ಚಹಾ ಮಾಡುವವನೂ ನಾನೇ, ಹೇಳುವವನೂ ನಾನೇ. ಅವತ್ತು ಚಹಾಕ್ಕೆ ಸಕ್ಕರೆ ಹಾಕುವುದನ್ನೂ ಮರೆತಿದ್ದೆ. ಅಪ್ಪ ಮಗಳು ಮರ್ಯಾದೆಗೆ ಪೂರ್ತಿ ಕುಡಿದು ಹೋದರು. ಆ ಎರಡು ತಪ್ಪಿಗೆ ತಿದ್ದುಪಡಿಯಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ಅಪ್ಪ ಧಾರವಾಡ ಕಡೆಯಿಂದ ದಾಂಡೇಲಿಯ ಕಾಗದದ ಗಿರಣಿಗೆ ಕೆಲಸಕ್ಕೆ ಬಂದವರು. ನಾನು ಪಿಯುಸಿ ಮುಗಿಸಿ, ಹಾರಾಟ ಕಲಿಸುವ ಶಾಲೆಗೆ ಹೋಗಿ, ಅಲ್ಲಿ ಇಲ್ಲಿ ಹಾರಿಸಿ, ಕೊನೆಗೆ ಹುಬ್ಬಳ್ಳಿಯ ಒಂದು ಕಂಪನಿ ಸೇರಿದೆ. ಕಂಪನಿಗೆ ಎಂಟು ಸೀಟಿನ ಒಂದು ವಿಮಾನವಿತ್ತು. ಅದಕ್ಕೆ ಇಬ್ಬರು ಪೈಲಟ್, ಒಬ್ಬರಿಲ್ಲದಿದ್ದರೂ ಅದು ಏಳುವಂತಿಲ್ಲ. ಒಬ್ಬ ನಾನು, ಇನ್ನೊಬ್ಬ ಹುಬ್ಬಳ್ಳಿಯಲ್ಲೇ ಇದ್ದ ಕಿರಣ. ಕಸ್ತೂರಿ ಹಳಿಯಾಳದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ಆದ್ದರಿಂದ ನಮ್ಮ ಮನೆ ಹಳಿಯಾಳದಲ್ಲಿ.

ಹೊರಗಿನವರು ಪೈಲಟ್ ಎಂದರೆ ಹಾರುವವನು ಎಂದುಕೊಂಡಿರುತ್ತಾರೆ. ಜನರನ್ನು ಒಯ್ಯುವ ದೊಡ್ಡ ವಿಮಾನಗಳಲ್ಲಿ ಅದು ನಿಜವಿರಬಹುದು. ಅಲ್ಲಿ ಯಾವ ದಿನ ಕೆಲಸ, ಯಾವ ದಿನ ಬಿಡುವು ಎಂದು ಪಟ್ಟಿ ಬರುತ್ತದೆ. ಕಂಪನಿಯ ವಿಮಾನಕ್ಕೆ ಪಟ್ಟಿ ಇಲ್ಲ. ಫೋನು ಇದೆ. ಮಾಲೀಕರಿಗೆ ಎಲ್ಲಿಗೋ ಹೋಗಬೇಕು ಅನ್ನಿಸಿದಾಗ ಫೋನು ಬರುತ್ತದೆ. ಬಂದ ಎರಡು ತಾಸಿನೊಳಗೆ ನಾವು ವಿಮಾನದ ಹತ್ತಿರ ಇರಬೇಕು. ಅನ್ನಿಸದಿದ್ದರೆ ಬರುವುದಿಲ್ಲ. ಆದರೆ ಅವರಿಗೆ ಯಾವಾಗ ಅನ್ನಿಸುತ್ತದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಹೀಗಾಗಿ ನಮ್ಮ ನಿಜವಾದ ಕೆಲಸ ಕಾಯುವುದು. ಹಾರುವುದು ಆ ಕೆಲಸದ ನಡುನಡುವೆ ಸಿಗುವ ವಿರಾಮ.

ನನ್ನ ನೇಮಕಾತಿ ಪತ್ರದಲ್ಲಿ ರಜೆಯ ಬಗ್ಗೆ ಒಂದೇ ಸಾಲಿತ್ತು: ವಿಮಾನ ಹಾರದ ದಿನಗಳನ್ನು ಪೈಲಟ್‌ನ ರಜಾದಿನಗಳೆಂದು ಪರಿಗಣಿಸಲಾಗುವುದು. ನನಗೆ ಬಹಳ ಖುಷಿಯಾಯಿತು. ಕಂಪನಿಯ ವಿಮಾನ ತಿಂಗಳಲ್ಲಿ ಅರ್ಧದಷ್ಟು ದಿನಗಳೂ ಹಾರುತ್ತಿರಲಿಲ್ಲ. ಅರ್ಧ ತಿಂಗಳು ರಜೆ ಕೊಡುವ ನೌಕರಿ ಯಾರಿಗುಂಟು ಎಂದು ಪೇಢೆ ತಂದು ಕಸ್ತೂರಿಯ ಮುಂದೆ ಪತ್ರ ಹಿಡಿದೆ. ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ಎರಡು ಸಲ ಓದಿದಳು.

"ಇವತ್ತ ವಿಮಾನ ಹಾರೂದಿಲ್ಲ ಅಂತ ನಿಮಗ ಯಾವಾಗ ಗೊತ್ತಾಕ್ಕೈತ್ರಿ?" ಎಂದಳು.

ಯೋಚಿಸಿದೆ. "ದಿನಾ ಮುಗದ ಮ್ಯಾಲ."

"ಅಂದ್ರ ರಜಾ ಮುಗದ ಮ್ಯಾಲ ರಜಾ ಇತ್ತಂತ ತಿಳೀತೈತಿ. ಭಾಳ ಚಲೋ ನೌಕರಿ ಹಿಡದೀರಿ ನೋಡ್ರಿ." ಹೀಗೆಂದು ಪೇಢೆ ಮಾತ್ರ ತೆಗೆದುಕೊಂಡಳು.

ಮದುವೆಯಾದಂದಿನಿಂದ ಅವಳು ನನ್ನನ್ನು ಹೆಚ್ಚು ಏನೂ ಕೇಳಿದವಳಲ್ಲ. ಈ ನೌಕರಿಯ ಮೊದಲ ಹದಿನೈದು ವರ್ಷ ಮಾತ್ರ ಒಂದನ್ನು ಬಿಡದೆ ಕೇಳಿದಳು. ಮೊದಲೇ ಗೊತ್ತಿರುವ ರಜೆ. ಮುಂಜಾನೆ ಎದ್ದಾಗಲೇ ಇವತ್ತು ಇವರು ಎಲ್ಲಿಗೂ ಹೋಗುವುದಿಲ್ಲ ಎಂದು ಖಚಿತವಿರುವ ಒಂದು ದಿನ.

ಅದು ಸಿಗುವ ತನಕ ಇದ್ದದ್ದರಲ್ಲೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ಕತ್ತಲಾದ ಮೇಲೆ ಹಾರಬೇಡಿ ಎಂದು ನಮ್ಮ ಮಾಲೀಕರಾದ ದೊಡ್ಡ ಸಾಹೇಬರಿಗೆ ಯಾರೋ ಜ್ಯೋತಿಷಿ ಹೇಳಿದ್ದರಂತೆ. ಹಾಗಾಗಿ ದೇವರ ಮುಂದೆ ದೀಪ ಹಚ್ಚುವ ಹೊತ್ತಿನ ತನಕ ಫೋನು ಬರದಿದ್ದರೆ ಅವತ್ತು ಬರುವುದಿಲ್ಲ ಎಂದೇ ಲೆಕ್ಕ. ಕಸ್ತೂರಿ ದೀಪ ಹಚ್ಚಿ, ಕೈ ಮುಗಿದು, ಹೊರಗೆ ಬಂದು, "ರೀ, ಇವತ್ತ ನಿಮಗ ರಜಾ ಇತ್ರಿ" ಎಂದು ಘೋಷಿಸುತ್ತಿದ್ದಳು. ಆಮೇಲೆ ಶಿರಾ ಮಾಡುತ್ತಿದ್ದಳು. ಆಗಿಹೋದ ರಜೆಯ ಲೆಕ್ಕದಲ್ಲಿ ನಾವು ತಿಂದ ಶಿರಾದಿಂದ ನನ್ನ ತೂಕ ಹೆಚ್ಚಾಗಿ, ವರ್ಷದ ವೈದ್ಯಕೀಯ ತಪಾಸಣೆಯಲ್ಲಿ ಡಾಕ್ಟರು, "ಏನು, ಕೆಲಸ ಕಡಿಮೆಯಾ?" ಎಂದು ಕೇಳಿದ್ದರು.

ಅದೇ ಪ್ರಶ್ನೆ ನೆಂಟರದ್ದೂ ಆಗಿತ್ತು. ಕಸ್ತೂರಿಯ ತವರು ಮುಂಡಗೋಡ ಹತ್ತಿರದ ಇಂದೂರ. ಅಲ್ಲಿಂದ ಅವಳ ಕಾಕಾ ಮಲ್ಲಪ್ಪ ಆಗಾಗ ಬರುತ್ತಿದ್ದರು. ಅವರು ಬಂದಾಗಲೆಲ್ಲ ನಾನು ಮನೆಯಲ್ಲೇ. ಒಮ್ಮೆ ಬಟಾಟಿ ಹೆಚ್ಚುತ್ತಿದ್ದೆ, ಒಮ್ಮೆ ಕಿಟಕಿ ಒರೆಸುತ್ತಿದ್ದೆ, ಒಮ್ಮೆ ಶಾಲೆಯ ಮಕ್ಕಳ ಚಿತ್ರಕ್ಕೆ ಅಂಟು ಹಚ್ಚುತ್ತಿದ್ದೆ. ಬರುವ ದಾರಿಯಲ್ಲೂ ಕಾಕಾ ಆಕಾಶ ನೋಡುತ್ತ ಬರುತ್ತಿದ್ದರಂತೆ. ಅಲ್ಲಿ ಅಳಿಯ ಕಾಣುತ್ತಿರಲಿಲ್ಲ, ಮನೆಗೆ ಬಂದರೆ ಕಾಣುತ್ತಿದ್ದ. ನಾಲ್ಕನೆಯ ಸಲಕ್ಕೆ ಅವರು ನನ್ನನ್ನು ಹಿತ್ತಲಿಗೆ ಕರೆದು ಸಣ್ಣ ದನಿಯಲ್ಲಿ ಹೇಳಿದರು.

"ಅಳಿಯಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೌಕರಿ ಹೋಗೂದು ಗಂಡಸಿಗೆ ಇದ್ದದ್ದ. ಡ್ರೈವರ್ ಕೆಲಸ ಗೊತ್ತೈತೆಲ್ಲ, ಬಸ್ಸಿಗೆ ಕರದಾರ, ಅರ್ಜಿ ತಂದೇನಿ. ವಿಮಾನಕಿಂತ ಅದು ಸಸಾರ, ನೆಲದ ಮ್ಯಾಲ ಇರ್ತೈತಿ."

ನೌಕರಿ ಹೋಗಿಲ್ಲ, ಕಾಯುವುದೇ ನೌಕರಿ ಎಂದು ವಿವರಿಸಿದೆ. ಅವರು ಕರುಣೆಯಿಂದ ಕೇಳಿದರು. ಹೋಗುವಾಗ ಅರ್ಜಿಯನ್ನು ಕಸ್ತೂರಿಯ ಕೈಯಲ್ಲಿ ಇಟ್ಟು ಹೋದರು.

ಮುಂದಿನ ಸಲ ಬಂದಾಗ ನನಗೆ ಕೆಮ್ಮು ಹಿಡಿದಿತ್ತು. ಕಾಕಾ ತಮ್ಮ ಚೀಲದಿಂದ ವೈದ್ಯರು ಕೊಟ್ಟ ದ್ರಾಕ್ಷಾರಿಷ್ಟದ ಬಾಟಲಿ ತೆಗೆದು ಎರಡು ಮುಚ್ಚಳ ಕುಡಿಸಿದರು. ಕೆಮ್ಮು ನಿಂತಿತು. ಸಿಹಿ ಇತ್ತು ಅಂತ ನಾನೇ ಇನ್ನೊಂದು ಮುಚ್ಚಳ ಕುಡಿದೆ. ಆಗ ಫೋನು ಬಂತು. ಕಂಪನಿಯ ಆಡಳಿತ ನೋಡುತ್ತಿದ್ದ ದೇಸಾಯಿಯವರು, ಬೆಳಗಾವಿ ಕಡೆಯವರು, "ಸಾಹೇಬ್ರಿಗೆ ಪುಣೆಕ್ಕ ಹೋಗೂದೈತ್ರಿ, ಬರ್ರಿ" ಎಂದರು. ಅಂಗಿ ಹಾಕಿಕೊಳ್ಳುವಾಗ ಕಸ್ತೂರಿ ಬಾಟಲಿಯ ಚೀಟಿ ಓದುತ್ತಿದ್ದಳು. ಶಿಕ್ಷಕಿಯಾದ್ದರಿಂದ ಅಕ್ಷರ ಕಂಡಲ್ಲಿ ಓದುವ ಚಟ.

"ರೀ, ಇದರಾಗ ಮದ್ಯದ ಅಂಶ ಐತಂತ ಬರದಾರಲ್ರಿ."

ನಾನು ಒಂದು ತೋಳು ಅಂಗಿಯಲ್ಲಿ, ಒಂದು ತೋಳು ಹೊರಗೆ ನಿಂತೆ. ಹಾರುವ ಮೊದಲು ಪೈಲಟ್ ಒಂದು ಕೊಳವೆಯೊಳಗೆ ಊದಿ ಉಸಿರು ತೋರಿಸಬೇಕು. ಹನ್ನೆರಡು ತಾಸು ಮೊದಲಿನಿಂದ ಒಂದು ಹನಿಯನ್ನೂ ಮುಟ್ಟುವಂತಿಲ್ಲ. ಊದಿ ಸಿಕ್ಕಿಬಿದ್ದರೆ ಮೂರು ತಿಂಗಳು ವಿಮಾನದ ಬಾಗಿಲಿಗೂ ಬಿಡುವುದಿಲ್ಲ. ಕಾಕಾ ಹುಟ್ಟಿದಾಗಿನಿಂದ ಲಿಂಗಕ್ಕೆ ಕೈಮುಗಿಯದೆ ನೀರು ಕುಡಿದವರಲ್ಲ. ದಿನಾ ಊಟವಾದ ಮೇಲೆ ಅದನ್ನು ಎರಡು ಮುಚ್ಚಳ ತೆಗೆದುಕೊಳ್ಳುತ್ತಿದ್ದ ಅವರು ಗೋಡೆಗೆ ಒರಗಿ ಕುಳಿತುಬಿಟ್ಟರು. "ಶಿವ ಶಿವಾ, ನಾ ಎಷ್ಟ ವರ್ಷದಿಂದ ಕುಡಿಯಾಕತ್ತೇನಿ?" ಎಂದರು.

ಕಸ್ತೂರಿ ಬೇರೆಯೇ ಲೆಕ್ಕದಲ್ಲಿದ್ದಳು. "ಹೋಗಿ ಊದಿ ಬರ್ರಿ. ಮೂರು ತಿಂಗಳಾ! ಅದೂ ಬರದು ಕೊಡ್ತಾರ!"

ನಾನು ಊದಲಿಲ್ಲ. ದೇಸಾಯಿಯವರಿಗೆ ಫೋನ್ ಮಾಡಿ ನಿಜ ಹೇಳಿದೆ. ಸಾಹೇಬರು ಪುಣೆಗೆ ಕಾರಿನಲ್ಲಿ ಹೋದರು. ಆಮೇಲೆ ಆರು ತಿಂಗಳು ಆಫೀಸಿನಲ್ಲಿ ಯಾರು ಕೆಮ್ಮಿದರೂ ನನ್ನ ಕಡೆ ನೋಡಿ ನಗುತ್ತಿದ್ದರು. ಅಶ್ವಿನಿ, ಮೊದಲನೆಯ ಮಾತು: ಮನೆಯವರು ಕೊಡುವ ಔಷಧದ ಚೀಟಿ ಓದು. ಎರಡನೆಯದು: ಕುಡಿದುಬಿಟ್ಟಿದ್ದರೆ ಊದುವ ಮೊದಲು ಹೇಳು.

ನಮ್ಮ ಮಗಳು ದೀಪಾಳ ಮದುವೆಯ ಸಮಯದ್ದು ಇನ್ನೊಂದು ಕಥೆ. ಆ ವಾರ ವಿಮಾನ ಹಾರುವುದಿಲ್ಲ ಎಂದು ದೇಸಾಯಿಯವರು ಬಾಯಿಮಾತಿನಲ್ಲಿ ಹೇಳಿದ್ದರು. ಅರಿಷಿಣದ ದಿನ ಹೆಣ್ಣುಮಕ್ಕಳು ಮದುಮಗಳಿಗೆ ಹಚ್ಚಿ ಉಳಿದದ್ದನ್ನೆಲ್ಲ ನನ್ನ ಮುಖಕ್ಕೆ, ಕತ್ತಿಗೆ, ಕೈಗೆ ಬಳಿದರು. ಆಗ ಫೋನು. ಸಾಬೂನು ಹಚ್ಚಿ ತೊಳೆದೆ, ಕಡಲೆಹಿಟ್ಟು ಹಚ್ಚಿ ತೊಳೆದೆ. ತೊಳೆದಷ್ಟೂ ಬಣ್ಣ ಚೊಕ್ಕವಾಗಿ ಹೊಳೆಯತೊಡಗಿತು. ವಿಮಾನ ನಿಲ್ದಾಣದ ಗೇಟಿನಲ್ಲಿ ಕಾವಲುಗಾರ ನನ್ನ ಗುರುತಿನ ಚೀಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಟಿ ನೋಡಿದ. "ಮದಿವಿ ಮನಿಯಿಂದ ಬಂದೇನ್ರಿ" ಎಂದೆ. "ನಿಮ್ದ?" ಎಂದು ಕೇಳಿದ. ನನಗೆ ಆಗ ಐವತ್ತೈದು ದಾಟಿತ್ತು.

ಕಿರಣ ನನ್ನನ್ನು ನೋಡಿ ಎಷ್ಟು ನಕ್ಕನೆಂದರೆ ಹಾರುವ ಮೊದಲಿನ ತಪಾಸಣೆಯ ಪಟ್ಟಿಯನ್ನು ಮೂರು ಸಲ ಮೊದಲಿನಿಂದ ಓದಬೇಕಾಯಿತು. ದೊಡ್ಡ ಸಾಹೇಬರು ಏಣಿಯ ಮೆಟ್ಟಿಲ ಮೇಲೆ ಕಾಲಿಟ್ಟವರು ನನ್ನ ಮುಖ ನೋಡಿ ಕಾಲು ಹಿಂದೆ ತೆಗೆದರು.

"ಕಾಮಾಲಿ ಆಗೈತೇನ್ರಿ ನಿಮಗ?"

"ಇಲ್ರಿ ಸಾಹೇಬ್ರ, ಅರಿಷಿಣರಿ."

"ಕಾಮಾಲಿ ಆದವ್ರು ಆಗೇತಿ ಅಂತ ಒಪ್ಪಿಕೊಳ್ಳೂದ ಇಲ್ಲ. ನಮ್ಮ ಅಣ್ಣಾನೂ ಹಿಂಗ ಅಂತಿದ್ದ. ಮನಿಗೆ ನಡೀರಿ, ಕಬ್ಬಿನ ಹಾಲು ಕುಡದು ಮಲಕೋರ್ರಿ."

ಸಾಹೇಬರು ಅವತ್ತಿನ ಪ್ರಯಾಣವನ್ನೇ ಕೈಬಿಟ್ಟರು. ನಾನು ಊಟದ ಪಂಕ್ತಿ ಏಳುವುದರೊಳಗೆ ಮನೆಗೆ ಬಂದೆ. ಆವತ್ತಿನಿಂದ ಅಡುಗೆಮನೆಯಲ್ಲಿದ್ದ ಅರಿಷಿಣದ ಡಬ್ಬಿ ಫೋನಿನ ಪಕ್ಕಕ್ಕೆ ಬಂತು. ಫೋನು ಬಂದಾಗಲೆಲ್ಲ ಕಸ್ತೂರಿ ಡಬ್ಬಿಯ ಮುಚ್ಚಳ ತೆಗೆದು, "ಹಚ್ಚಲೇನ್ರಿ?" ಎಂದು ಕಣ್ಣಲ್ಲೇ ಕೇಳುತ್ತಿದ್ದಳು.

ಜೊಯಿಡಾದ್ದು ಮಾತ್ರ ನನ್ನದೇ ತಪ್ಪು. ಅದನ್ನು ಹೇಳದಿದ್ದರೆ ಈ ಬರಹ ಮೋಸವಾಗುತ್ತದೆ.

ಕಸ್ತೂರಿಯ ತಂಗಿ ಸುಮಿತ್ರಾಳ ಗಂಡ ಜೊಯಿಡಾದಲ್ಲಿ ಸರ್ಕಾರಿ ಗುಮಾಸ್ತ. ಅವರ ಮನೆಯ ಹಿತ್ತಲಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಇದನ್ನು ಒಮ್ಮೆ ಅಕಸ್ಮಾತ್ತಾಗಿ ಕಂಡುಕೊಂಡೆವು. ಕಂಡುಕೊಂಡಾಗ ಒಬ್ಬರನ್ನೊಬ್ಬರು ನೋಡಿದೆವು ಅಷ್ಟೆ. ಅದಾದ ಮೇಲೆ ಕಸ್ತೂರಿಗೆ ತಂಗಿಯ ಮೇಲೆ ಒಮ್ಮೆಲೇ ಪ್ರೀತಿ ಹೆಚ್ಚಾಯಿತು. ಫೋನು ಸಿಗುವಲ್ಲಿ ಇರಬೇಕು, ಎರಡು ತಾಸಿನಲ್ಲಿ ಮುಟ್ಟಬೇಕು ಎಂಬುದು ನಾನು ಸಹಿ ಮಾಡಿದ ಮಾತು. ಜೊಯಿಡಾದಿಂದ ಹುಬ್ಬಳ್ಳಿಗೆ ಎರಡು ತಾಸಿನಲ್ಲಿ ಹೋಗಬೇಕಾದರೆ ವಿಮಾನವೇ ಬೇಕು. ಎಲ್ಲ ಗೊತ್ತಿದ್ದೂ ಒಂದು ರವಿವಾರ ಬಸ್ಸು ಹತ್ತಿ ಹೋದೆವು. ಬಸ್ಸೇ ಯಾಕೆಂದರೆ ಕಾರು ಇದ್ದರೆ ನನಗೆ ತಿರುಗಿ ಹೋಗುವ ಬುದ್ಧಿ ಬರುತ್ತದೆ ಎಂದು ಕಸ್ತೂರಿಯ ವಾದ.

ಊಟಕ್ಕೆ ಕೂತಿದ್ದೆವು. ಸುಮಿತ್ರಾ ಎರಡನೆಯ ರೊಟ್ಟಿ ಹಾಕಿದಳು. ಹಿತ್ತಲ ಬಾಗಿಲಲ್ಲಿ ಐದು ಜನ ಬಂದು ನಿಂತರು. ಬಸ್ ಕಂಡಕ್ಟರ್, ಚಹಾದಂಗಡಿಯವ, ಕಿರಾಣಿ ಅಂಗಡಿಯವ, ಮತ್ತೆ ಸುಮ್ಮನೆ ನೋಡಲು ಬಂದ ಇಬ್ಬರು.

"ಪೈಲಟ್ ಸಾಹೇಬ್ರು ಯಾರ್ರಿ ಇದರಾಗ?" ಎಂದ ಕಂಡಕ್ಟರ್.

ಕಸ್ತೂರಿ ತಂಗಿಯ ಗಂಡನ ಕಡೆ ಕೈ ತೋರಿಸಿದಳು. ಆತ ಪಾಪ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನನ್ನ ಕಡೆ ಕೈ ತೋರಿಸಿದ.

"ನಿಮ್ಮ ವಿಮಾನ ನಿಂತೈತಂತ್ರಿ. ಮಂದಿ ಕಾಯಾಕತ್ತಾರಂತ. ಲಗೂನ ಏಳ್ರಿ, ನೀವು ಬರೂತನಾ ನಾವೂ ಗಾಡಿ ಬಿಡೂದಿಲ್ಲ."

ಫೋನು ಹತ್ತದಿದ್ದಾಗ ದೇಸಾಯಿಯವರು ನಾವು ಜೊಯಿಡಾಕ್ಕೆ ಹೋದದ್ದನ್ನು ನಮ್ಮ ನೆರೆಮನೆಯವರಿಂದ ತಿಳಿದು, ದಾಂಡೇಲಿಯ ಒಬ್ಬ ಪರಿಚಯದ ಅಂಗಡಿಯವನಿಗೆ ಹೇಳಿ, ಅವನು ಜೊಯಿಡಾ ಬಸ್ಸಿನ ಕಂಡಕ್ಟರನಿಗೆ ಹೇಳಿ, ಕಂಡಕ್ಟರ್ ಇಡೀ ಪೇಟೆಯಲ್ಲಿ ಕೂಗಿ ಕೇಳಿ ನನ್ನನ್ನು ಹಿಡಿದಿದ್ದ. ಬಸ್ಸು ನಮಗಾಗಿ ನಿಂತಿತ್ತು. ಹತ್ತಿದ ಕೂಡಲೇ ಒಬ್ಬ ಅಜ್ಜ ಎದ್ದು ಜಾಗ ಕೊಟ್ಟರು. ದಾರಿಯಲ್ಲಿ ಇಳಿಯಬೇಕಾದವರಿಗೆ ಕಂಡಕ್ಟರ್, "ಎರಡ ಮಿನಿಟಿನಾಗ ಇಳೀರಿ, ಸಾಹೇಬ್ರ ವಿಮಾನ ತಪ್ಪತೈತಿ" ಎಂದು ಗದರಿಸುತ್ತಿದ್ದ. ಅದು ತಪ್ಪುವ ವಿಮಾನವಲ್ಲ, ನಾನಿಲ್ಲದೆ ಅದು ಏಳುವುದೇ ಇಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಡ್ರೈವರು ತನ್ನ ಸೀಟಿನಿಂದಲೇ ಕೂಗಿ ಮಾತಾಡಿಸಿದ.

"ನಿಮ್ದೂ ಗಾಡಿ, ನಮ್ದೂ ಗಾಡಿ ಬಿಡ್ರಿ. ವಾರದ ರಜಾ ಯಾವತ್ರಿ ನಿಮಗ?"

"ಇಲ್ರಿ."

"ಇಲ್ಲಂದ್ರ?"

"ರಜಾ ಇಲ್ರಿ."

ಆತ ಗೇರು ಬದಲಿಸುವುದನ್ನೂ ಮರೆತು ಕನ್ನಡಿಯಲ್ಲಿ ನನ್ನನ್ನು ನೋಡಿದ. ಕಸ್ತೂರಿ ನನ್ನ ಕಿವಿಯಲ್ಲಿ, "ಕಾಕಾ ಕೊಟ್ಟ ಅರ್ಜಿ ತುಂಬಬೇಕಿತ್ರಿ" ಎಂದಳು.

ಹುಬ್ಬಳ್ಳಿ ಮುಟ್ಟುವಾಗ ಸಂಜೆಯಾಗಿತ್ತು. ಸಾಹೇಬರ ಕೆಲಸ ಕೆಟ್ಟಿತ್ತು. ಅವರು ಬೈದರು, ಬೈಯಬೇಕಾದದ್ದೇ. ಅಂದಿನಿಂದ ಎಲ್ಲಿಗೆ ಹೋದರೂ ಹೇಳಿ ಹೋಗಬೇಕೆಂದಾಯಿತು. ಹೀಗೆ ಕದ್ದು ಪಡೆದ ರಜೆಯಿಂದ ಇದ್ದ ಬಿಡುವೂ ಹೋಯಿತು. ಅಡಗಿಕೊಂಡು ಕೂತರೆ ಅದು ರಜೆಯಾಗುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಅವತ್ತು ಊಟಕ್ಕೆ ಕೂತಾಗಲೂ ನನ್ನ ಒಂದು ಕಿವಿ ರಸ್ತೆಯ ಕಡೆಗೇ ಇತ್ತು.

ಕಸ್ತೂರಿ ಅರವತ್ತು ತುಂಬಿ ಶಾಲೆಯಿಂದ ನಿವೃತ್ತಳಾಗುವ ದಿನ ಹತ್ತಿರ ಬಂತು. ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಮೂವತ್ತೈದು ವರ್ಷ ಅವಳು ಆ ಕೆಲಸ ಮಾಡಿದ್ದಳು. ಅಷ್ಟು ವರ್ಷದಲ್ಲಿ ಅವಳ ಶಾಲೆಯ ಒಂದು ಕಾರ್ಯಕ್ರಮದಲ್ಲೂ ನಾನು ಮೊದಲಿನಿಂದ ಕೊನೆಯ ತನಕ ಕೂತವನಲ್ಲ. ಮೂರು ತಿಂಗಳು ಮೊದಲೇ ದೇಸಾಯಿಯವರ ಹತ್ತಿರ ಹೋಗಿ ಆ ದಿನದ ರಜೆ ಬರೆದು ಕೊಡಿ ಎಂದೆ.

"ಅವತ್ತ ಸಾಹೇಬ್ರು ಎಲ್ಲೂ ಹೋಗೂದಿಲ್ರಿ. ನನ್ನ ಮಾತಂದ್ರ ಮಾತು."

"ಮಾತು ಸಾಕಾಗೂದಿಲ್ರಿ. ಬರದು ಕೊಡ್ರಿ."

"ಬರದ್ರ ಅದು ಪದ್ಧತಿ ಆಕ್ಕೈತ್ರಿ," ಎಂದು ಅವರು ಕೈ ಮುಗಿದರು. ನಾನು ತಿರುಗಿ ಬಂದೆ. ಕಸ್ತೂರಿಗೆ ಹೇಳಿದಾಗ, "ದೇಸಾಯರ ಮಾತು ಅರಿಷಿಣದ ದಿನಾನ ನೋಡೇವಲ್ರಿ" ಎಂದಳು. ನಗಲಿಲ್ಲ.

ಬೀಳ್ಕೊಡುವ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಶಾಲು, ಹಾರ, ಹಣ್ಣಿನ ಬುಟ್ಟಿ ಆದವು. ನಾಲ್ಕು ಜನ ಮಾತಾಡಿದರು. ಕೊನೆಗೆ ಕಸ್ತೂರಿ ಮೈಕಿನ ಮುಂದೆ ನಿಂತಳು. ಎಷ್ಟೋ ದಿನದಿಂದ ಆ ಮಾತನ್ನು ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಯಿಪಾಠ ಮಾಡಿದ್ದು ನನಗೆ ಗೊತ್ತಿತ್ತು. ತಾನು ಸೇರಿದ ಮೊದಲ ವರ್ಷ, ಒಂದನೇ ಇಯತ್ತೆಯಲ್ಲಿ ಕಿಟಕಿಯಿಂದ ಹಾರಿ ಮನೆಗೆ ಓಡಿಹೋಗುತ್ತಿದ್ದ ಹುಡುಗಿಯ ಕಥೆ ಹೇಳುತ್ತಿದ್ದಳು. ನನ್ನ ಕಿಸೆಯಲ್ಲಿ ಫೋನು ಹೊಡೆಯಿತು.

ಆ ಫೋನು ಇಡೀ ಶಾಲೆಗೆ ಗೊತ್ತು. ಮುಂದೆ ಕೂತಿದ್ದ ಸಣ್ಣ ಮಕ್ಕಳೆಲ್ಲ ಒಮ್ಮೆಲೇ ತಲೆ ಎತ್ತಿ ಮೇಲೆ ನೋಡಿದರು, ಪೆಂಡಾಲಿನ ಬಟ್ಟೆಯ ಮೇಲೆ ವಿಮಾನ ಬಂದು ನಿಂತಿದೆ ಎನ್ನುವ ಹಾಗೆ. ಮುಂಬೈಗೆ ತುರ್ತಾಗಿ ಹೋಗಬೇಕಂತೆ. ಕಸ್ತೂರಿ ಮಾತು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಎದ್ದು, ಕೈ ಮುಗಿದು, ಹೋದೆ.

ಹೌದು, ಹೋದೆ. ಇದನ್ನು ಬೇರೆ ಥರ ಬರೆದರೆ ಅಶ್ವಿನಿಗೆ ಇದರಿಂದ ಉಪಯೋಗವಿಲ್ಲ. ಶಾಲೆಯ ಗೇಟು ದಾಟುವಾಗ ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ. ಅಷ್ಟು ವರ್ಷದ ರೂಢಿಯಿಂದ ಕಾಲು ತಾನಾಗಿಯೇ ಹೋಯಿತು.

ವಿಮಾನ ಸಿದ್ಧ ಮಾಡಿ ಕೂತೆವು. ಸಾಹೇಬರು ಬಂದರು. ಅವರು ಏಣಿ ಹತ್ತುವ ಹೊತ್ತಿಗೆ ಮುಂಬೈಯವರು ಸಭೆಯನ್ನು ನಾಳಿದ್ದಿಗೆ ಹಾಕಿದ್ದೇವೆ ಎಂದು ತಿಳಿಸಿದರು. ಸಾಹೇಬರು ತಿರುಗಿ ಹೋದರು. ಕಿರಣ ನನ್ನ ಮುಖ ನೋಡಿ ಆವತ್ತು ಏನೂ ಚೇಷ್ಟೆ ಮಾಡಲಿಲ್ಲ.

ಹಳಿಯಾಳಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಮನೆಗೆ ಬೀಗ. ಶಾಲೆಗೆ ಹೋದೆ. ಮಕ್ಕಳಿಲ್ಲ, ಮೈಕಿಲ್ಲ, ಗಣ್ಯರಿಲ್ಲ. ಪೆಂಡಾಲಿನ ದಾವಲಸಾಬ ಕುರ್ಚಿ ಮಡಚಿ ಗಾಡಿಗೆ ಏರಿಸುತ್ತಿದ್ದ. ಕಸ್ತೂರಿ ಮಾತ್ರ ವೇದಿಕೆಯ ಮೇಲೆ ಶಾಲು ಹೊದ್ದು, ಹಾರ ಹಾಕಿಕೊಂಡು, ಶೇಂಗಾ ತಿನ್ನುತ್ತ ಕೂತಿದ್ದಳು.

"ಬಂದ್ರೇನ್ರಿ? ದಾವಲಸಾಬ, ಅದೊಂದು ಕುರ್ಚಿ ಬಿಡಪಾ, ಇವ್ರು ಕೂಡ್ರಲಿ."

"ಮನಿಗೆ ಹೋಗೂಣು ನಡಿ ಕಸ್ತೂರಿ," ಎಂದೆ.

"ಅರ್ಧಾ ಮಾತು ಉಳದೈತಿ. ಹೆಡ್‌ಮಾಸ್ತರ್ರಿಗೆ ಹೇಳೇನಿ, ಉಳದದ್ದು ನಮ್ಮ ಮನೆಯವ್ರು ಬಂದ ಮ್ಯಾಲ ಅಂತ. ಗಂಟಲ ಕಟ್ಟೈತಿ ಅಂತ ತಿಳಕೊಂಡ್ರು, ಪಾಪ. ಕೂಡ್ರಿ."

ಕೂತೆ. ಅವಳು ಎದ್ದು, ಹಾರ ಸರಿ ಮಾಡಿಕೊಂಡು, ಮೈಕು ಇದ್ದ ಜಾಗದಲ್ಲಿ ನಿಂತಳು. "ವೇದಿಕೆಯ ಮುಂದಿರುವ ಒಬ್ಬ ಗಣ್ಯರೆ ಮತ್ತು ದಾವಲಸಾಬ ಅವರೆ" ಎಂದು ಶುರು ಮಾಡಿ, ಕಿಟಕಿಯಿಂದ ಹಾರಿದ ಹುಡುಗಿಯನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಂಡಳು. ಮುಕ್ಕಾಲು ತಾಸು ಮಾತಾಡಿದಳು. ನಡುವೆ ಒಂದು ಕಡೆ ಹೇಳಿದಳು: "ನಮ್ಮ ಮನೆಯವರು ಮೋಡದಾಗ ಇದ್ದಾಗ ನನಗ ಎಂದೂ ಅಂಜಿಕಿ ಆಗಲಿಲ್ಲ. ಊಟಕ್ಕ ಕುಂತಾಗ ಆಗ್ತಿತ್ತು, ಈಗ ಏಳ್ತಾರ ಅಂತ." ಅಲ್ಲಿ ಅವಳ ದನಿ ಏರಿಳಿಯಲಿಲ್ಲ. ಬಾಯಿಪಾಠ ಮಾಡಿದ್ದೇ ಇರಬೇಕು. ಮುಗಿದ ಮೇಲೆ ನಾನು ಚಪ್ಪಾಳೆ ತಟ್ಟಿದೆ. ದಾವಲಸಾಬನೂ ತಟ್ಟಿದ.

"ಬಾಯಾರ, ಭಾಷಣ ಮಸ್ತ್ ಆತ್ರಿ. ಖರೆ ಆ ಕುರ್ಚಿ ಕೊಡ್ರಿ, ತೇರಗಾಂವದಾಗ ನಾಳಿ ಮದಿವಿ ಐತಿ," ಎಂದ.

ಮರುದಿನ ಮುಂಜಾನೆ ಯಾರೂ ಕರೆಯದೆ ಹುಬ್ಬಳ್ಳಿಗೆ ಹೋದೆ. ತಿಂಗಳಿಗೆ ಎಂಟು ದಿನ ಮೊದಲೇ ಗೊತ್ತು ಮಾಡಿದ ರಜೆ ಬರೆದು ಕೊಡಿ, ಇಲ್ಲವಾದರೆ ಇದೇ ನನ್ನ ರಾಜೀನಾಮೆ ಎಂದು ಒಂದೇ ಹಾಳೆಯಲ್ಲಿ ಎರಡನ್ನೂ ಬರೆದು ಒಯ್ದಿದ್ದೆ. ದೇಸಾಯಿಯವರು ಓದಿ ನನ್ನನ್ನು ಸಾಹೇಬರ ಕೋಣೆಗೆ ಕರೆದುಕೊಂಡು ಹೋದರು.

"ಆ ಎಂಟು ದಿನಾ ನನಗ ಎಲ್ಲಿಗರ ಹೋಗೂದಿದ್ರ?" ಎಂದರು ಸಾಹೇಬರು.

"ಬ್ಯಾರೆ ಪೈಲಟ್ ಕರಸ್ರಿ. ಇಲ್ಲಾಂದ್ರ ನೀವೂ ಹೋಗಬ್ಯಾಡ್ರಿ."

ದೇಸಾಯಿಯವರು ಕಣ್ಣು ಮುಚ್ಚಿದರು. ಸಾಹೇಬರು ನಿನ್ನೆ ಏನಾಯಿತು ಎಂದು ಕೇಳಿದರು. ಹೇಳಿದೆ, ಕುರ್ಚಿ ಮಡಚುವವನ ತನಕ.

"ಎಷ್ಟೊತ್ತು ಮಾತಾಡಿದ್ರು ನಿಮ್ಮ ಮನೆಯವರು?"

"ಮುಕ್ಕಾಲ ತಾಸ್ರಿ."

"ನಡಕ ಫೋನ್ ಬರಲಿಲ್ಲೇನು?"

"ಗಾಡ್ಯಾಗ ಇಟ್ಟು ಬಂದಿದ್ದೆ, ಗೊತ್ತಿಲ್ರಿ."

ಅವರು ಪೆನ್ನು ತೆಗೆದು ಹಾಳೆಯಲ್ಲಿ ರಜೆ ಕೇಳಿದ್ದ ಮೇಲಿನ ಅರ್ಧಕ್ಕೆ ಸಹಿ ಮಾಡಿದರು. ಆಮೇಲೆ ದೇಸಾಯಿಯವರ ಕಡೆ ತಿರುಗಿ, "ಆ ಎಂಟು ದಿನಾ ನನಗೂ ಏನೂ ಹಚ್ಚಬ್ಯಾಡ್ರಿ. ಯಾರರ ಕೇಳಿದ್ರ ಪೈಲಟ್ ಇಲ್ಲ ಅಂತ ಹೇಳ್ರಿ," ಎಂದರು. ಹೊರಗೆ ಬಂದ ಮೇಲೆ ದೇಸಾಯಿಯವರು, "ಹಂಗಾದ್ರ ನನಗೂ ಆತಲ್ರೀ!" ಎಂದು ನನ್ನ ಕೈ ಕುಲುಕಿದರು. ಕಿರಣನಿಗೂ ಅಷ್ಟೇ ದಿನ ಸಿಕ್ಕಿತು. ಕೇಳುವ ತನಕ ಎಲ್ಲರೂ ರಜೆಯಿಲ್ಲದ ಈ ಪದ್ಧತಿ ಉಳಿದವರಿಗೆ ಬೇಕಾದದ್ದು ಎಂದುಕೊಂಡಿದ್ದರು.

ಅಶ್ವಿನಿ, ಬರೆದು ಕೊಡುವ ರಜೆಯನ್ನು ನೀನು ಕೆಲಸಕ್ಕೆ ಸೇರುವ ದಿನವೇ ಕೇಳು, ನನ್ನ ಹಾಗೆ ಹದಿನೈದು ವರ್ಷ ತಡಮಾಡಬೇಡ. ವಿಮಾನ ಯಾವುದೆಂದು ಆಮೇಲೆ ಕೇಳಿದರೂ ನಡೆಯುತ್ತದೆ. ಬಾಯಿಮಾತಿನ ರಜೆ ತೆಗೆದುಕೊಳ್ಳಬೇಡ, ಹೇಳುವವರು ಒಳ್ಳೆಯವರಿದ್ದರೂ. ನಮ್ಮ ದೇಸಾಯಿಯವರು ಒಳ್ಳೆಯವರೇ ಆಗಿದ್ದರು.

ಮೊದಲ ರಜೆಯ ದಿನ ಹೇಗಿತ್ತು ಎಂದು ಹೇಳಿ ಮುಗಿಸುತ್ತೇನೆ.

ಫೋನನ್ನು ಬಂದ್ ಮಾಡಿ ಕಪಾಟಿನಲ್ಲಿಟ್ಟೆ. ಇಬ್ಬರೂ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಹೊರಗಿನ ಕೋಣೆಯಲ್ಲಿ ಎದುರುಬದುರು ಕೂತೆವು. ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಕಸ್ತೂರಿ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದಳು.

"ರೀ, ಒಂದ್ಸಲ ಫೋನ್ ಹಚ್ಚಿ ನೋಡ್ರಿ."

"ಯಾಕ? ಇವತ್ತ ರಜಾ."

"ಗೊತ್ತೈತಿ. ಆದ್ರೂ ಏನರ ಇದ್ದೀತು."

"ಏನೂ ಇಲ್ಲ."

"ಮಂದಿ ಕಾಯ್ತಿದ್ರ?"

ನಾನು ಕಪಾಟಿನ ಬೀಗದಕೈ ಕಿಸೆಗೆ ಹಾಕಿಕೊಂಡೆ. ಅವಳು ಸ್ವಲ್ಪ ಹೊತ್ತು ತಡೆದಳು. ಆಮೇಲೆ ತನ್ನ ಫೋನಿನಿಂದ ದೇಸಾಯಿಯವರಿಗೇ ಹಚ್ಚಿದಳು. "ನಮಸ್ಕಾರ್ರಿ. ನಾ ಅವ್ರ ಮನೆಯವ್ರು. ಇವತ್ತ ಏನೂ ಇಲ್ಲೇನ್ರಿ?"

"ಇಲ್ರಿ ಬಾಯಾರ. ಇವತ್ತ ಅವ್ರಿಗೆ ರಜಾ ಐತ್ರಿ."

ಅವಳು ಫೋನನ್ನು ಜೋರು ದನಿಗೆ ಹಾಕಿ ನನ್ನ ಹತ್ತಿರ ಹಿಡಿದಳು. "ಇನ್ನೊಮ್ಮೆ ಹೇಳ್ರಿ, ಕೇಳಸಲಿಲ್ಲ."

"ರಜಾ ಐತ್ರಿ ಅಂದೆ. ಇವತ್ತ ನಿಮ್ಮ ಮನೆಯವ್ರಿಗೆ ರಜಾ."

ಕಸ್ತೂರಿ ಫೋನು ಕೆಳಗಿಟ್ಟು, ನನ್ನ ಪಕ್ಕದ ಕುರ್ಚಿಗೆ ಬಂದು, ಕಾಲು ಮೇಲೆ ಮಡಚಿಕೊಂಡು ಕೂತಳು. ನಾನು ಗಡಿಯಾರ ನೋಡಿದೆ. ಇನ್ನೂ ಮುಂಜಾನೆ ಹತ್ತೂವರೆ. ಇಡೀ ದಿನ ಬಾಕಿ ಇತ್ತು.